ಹತ್ತು ನಿಮಿಷ ಕಡಿಮೆಯ ಸಂಕ್ರಮಣ

ಸಂಕ್ರಮಣದ ಹಬ್ಬದಲ್ಲಿ ದೇವರ ಪಾಲು ಎಷ್ಟು ಅಂತ ಗಡಿಯಾರ ಇಟ್ಟು ನೋಡಿದರೆ ಹತ್ತು ನಿಮಿಷ ದಾಟುವುದು ಕಷ್ಟ. ದೀಪ ಹಚ್ಚಿ, ಎಡೆ ಹಿಡಿದು, ಊದಿನಕಡ್ಡಿ ಬೆಳಗಿದರೆ ಮುಗಿಯಿತು. ಉಳಿದದ್ದೆಲ್ಲ ಎಳ್ಳು ಹುರಿಯುವುದು, ರೊಟ್ಟಿ ಬಡಿಯುವುದು, ಬುತ್ತಿ ಕಟ್ಟುವುದು, ಸಂಜೆ ಮನೆಮನೆ ತಿರುಗುವುದು. ಹೀಗಾಗಿ ಹುಬ್ಬಳ್ಳಿ-ಧಾರವಾಡದ ನಾಸ್ತಿಕ ದೇವರನ್ನು ಬಿಟ್ಟು ಉಳಿಸಿಕೊಳ್ಳುವುದು ಈ ಹತ್ತೇ ನಿಮಿಷ. ಅಷ್ಟರಲ್ಲಿ ಪೇಪರಿನ ಮೊದಲ ಪುಟವೂ ಮುಗಿಯುವುದಿಲ್ಲ, "ಪೂಜಿ ಮಾಡಲಿಕ್ಕರ ಒಲ್ಲಿ, ಬಂದು ಶೇಂಗಾದ ಸಿಪ್ಪಿ ಉಜ್ಜು ಬಾರಪಾ" ಅಂತ ಅಡುಗೆಮನೆಯಿಂದ ಕರೆ ಬರುತ್ತದೆ.

ಈ ಹಬ್ಬದ ಮೇಲೆ ನಾಸ್ತಿಕರಿಗೆ ಒಂದು ವಿಶೇಷ ಮಮತೆ ಉಂಟು. ಇದು ಸೂರ್ಯನ ಲೆಕ್ಕದ್ದು. ಪಂಚಾಂಗ ತೆರೆಯದಿದ್ದರೂ ಜನವರಿ 14 ಇಲ್ಲವೇ 15 ಎಂದು ಹೇಳಿಬಿಡಬಹುದು. ಆದರೆ ಉತ್ತರಾಯಣ ಶುರುವಾಗುವುದು ಆ ದಿನವಲ್ಲ, ಡಿಸೆಂಬರ್ 21-22ಕ್ಕೇ. ಹಬ್ಬದ ಲೆಕ್ಕ ನಕ್ಷತ್ರಗಳನ್ನು ಗುರುತಿಟ್ಟು ಎಣಿಸುವ ವರ್ಷದ್ದು, ಆ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅದು ಕೂಡುತ್ತ ಕೂಡುತ್ತ ಸುಮಾರು 71 ವರ್ಷಕ್ಕೆ ಒಂದು ದಿನವಾಗುತ್ತದೆ, ಹಬ್ಬ ಮುಂದೆ ಸರಿಯುತ್ತದೆ. ಇನ್ನೊಂದು ತಮಾಷೆ: ಹಗಲು ಬೆಳೆಯತೊಡಗಿ ಮೂರು ವಾರವಾಗಿದ್ದರೂ ನಮ್ಮ ಕಡೆ ಸಂಕ್ರಮಣದ ಹೊತ್ತಿಗೆ ಸೂರ್ಯ ಏಳುವುದು ಇನ್ನೂ ತಡವಾಗುತ್ತಲೇ ಇರುತ್ತದೆ. ಹೆಚ್ಚಾದ ಹಗಲೆಲ್ಲ ಸಂಜೆಯ ಕಡೆ ಕೂಡಿರುತ್ತದೆ. ಇದನ್ನು ಊಟಕ್ಕೆ ಕೂತವರ ಮುಂದೆ ವಿವರಿಸಲು ಹೋಗಬಾರದು, ರೊಟ್ಟಿ ಆರುತ್ತದೆ.

ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಒಂದೇ ಸಮನೆ ಪರೀಕ್ಷೆ ಇಡುವುದು ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹತ್ತಿಸಿದ ಎಳ್ಳು. 100 ಗ್ರಾಂ ಬಿಳಿ ಎಳ್ಳಿಗೆ ಅರ್ಧ ಕಿಲೋ ಸಕ್ಕರೆ, ಕಾಲು ಲೀಟರ್ ನೀರು. ಎಳ್ಳು ತೊಳೆದು ನೆರಳಲ್ಲಿ ಒಣಗಿಸಿ ಬೆಚ್ಚಗೆ ಹುರಿದಿರಬೇಕು. ಪಾಕ ಕುದಿಯುವಾಗ ಒಂದು ಚಮಚ ಹಾಲು ಬಿಟ್ಟರೆ ಕಸವೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಒಂದೆಳೆ ಬರುವ ತುಸು ಮೊದಲೇ ಇಳಿಸಬೇಕು. ಆಮೇಲೆ ಅಗಲವಾದ ಹಿತ್ತಾಳೆಯ ಪರಾತ, ಅದರ ಕೆಳಗೆ ಬೂದಿ ಮುಚ್ಚಿದ ಕೆಂಡ. ಎಳ್ಳಿನ ಮೇಲೆ ಒಂದು ಚಮಚ ಪಾಕ ಹಾಕಿ ಬೆರಳ ತುದಿಯಿಂದ ಆಡಿಸುತ್ತಿರಬೇಕು. ಅದು ಪೂರ್ತಿ ಒಣಗಿದ ಮೇಲೆಯೇ ಎರಡನೆಯ ಚಮಚ. ಇಲ್ಲಿ ಅವಸರ ಮಾಡಿದವರ ಎಳ್ಳು ಗಂಟುಗಟ್ಟುತ್ತದೆ. ಕೆಂಡ ಜೋರಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ. ತಳದಲ್ಲಿ ಪುಡಿ ಉದುರಿದಾಗಲೆಲ್ಲ ಜರಡಿ ಹಿಡಿದು ತೆಗೆಯದಿದ್ದರೆ ಅದು ಎಳ್ಳಿಗೆ ಹತ್ತಬೇಕಾದ ಪಾಕವನ್ನೇ ಕುಡಿದುಬಿಡುತ್ತದೆ. ದಿನಕ್ಕೊಂದಿಷ್ಟು ಹೊತ್ತಿನಂತೆ ಮೂರು-ನಾಲ್ಕು ದಿನ ಕೂತರೆ ಕಾಳಿನ ಮೈಮೇಲೆ ಮುಳ್ಳು ಏಳುತ್ತವೆ. ಮೋಡ ಮುಸುಕಿದ ದಿನ ಏಳುವುದಿಲ್ಲ, ಹವೆ ಒಣಗಿರಬೇಕು, ಚಳಿ ಇರಬೇಕು. ಮುಳ್ಳು ಏಳದಿದ್ದರೆ ಮಡಿ ಕಡಿಮೆಯಾಯಿತು ಅನ್ನುವವರಿದ್ದಾರೆ, ಕಡಿಮೆಯಾದದ್ದು ಬಿಸಿಲು. ಪೇಟೆಯ ಕುಸುರೆಳ್ಳು ನೋಡಲಿಕ್ಕೆ ಬಣ್ಣಬಣ್ಣ, ಒಳಗೆ ಎಳ್ಳನ್ನು ಹುಡುಕಿಕೊಳ್ಳಬೇಕು.

ಸಂಕ್ರಮಣದ ಹಿಂದಿನ ದಿನ, ಭೋಗಿಯ ಸಜ್ಜಿ ರೊಟ್ಟಿಯ ಬಗ್ಗೆ ಒಂದೇ ಎಚ್ಚರಿಕೆ: ಹಿಟ್ಟು ಹೊಸದಿರಲಿ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಮೇಲೆ ಬೇಗ ಕೆಟ್ಟು ಕಹಿಯಾಗುತ್ತದೆ; ವಾರದೊಳಗೆ ತೀರಿಸುವಷ್ಟೇ ಬೀಸಿಸಬೇಕು. ಗೋಧಿಯ ಜಿಗಿ ಅದಕ್ಕಿಲ್ಲ, ಆದ್ದರಿಂದ ಎಸರು ಕುದಿಸಿಯೇ ನಾದಬೇಕು. ಎಳ್ಳನ್ನು ರೊಟ್ಟಿ ಹಸಿ ಇರುವಾಗಲೇ ಒತ್ತಬೇಕು, ತಡವಾದರೆ ಹಂಚಿನ ಮೇಲೆಲ್ಲ ಸಿಡಿಯುತ್ತದೆ. ಶೇಂಗಾದ ಹೋಳಿಗೆಗೆ ಒಂದು ಬಟ್ಟಲು ಹುರಿದ ಶೇಂಗಾಪುಡಿ, ಮುಕ್ಕಾಲು ಬಟ್ಟಲು ಬೆಲ್ಲ, ಒಂದಿಷ್ಟು ಎಳ್ಳು, ಏಲಕ್ಕಿ. ಮಿಕ್ಸರನ್ನು ತಡೆತಡೆದು ತಿರುಗಿಸಬೇಕು. ಒಂದೇ ಉಸಿರಿಗೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲದ ಒಂದು ಹರಳು ಉಳಿದರೂ ಲಟ್ಟಿಸುವಾಗ ಕಣಕ ಹರಿಯುತ್ತದೆ. ಚೆನ್ನಾಗಿ ಬೇಯಿಸಿದರೆ ವಾರ ಇರುತ್ತದೆ, ಕಡ್ಲಿಬ್ಯಾಳಿ ಹೋಳಿಗೆಯಂತೆ ಮರುದಿನವೇ ಹಳಸುವುದಿಲ್ಲ. ಊರಿಗೆ ಕಟ್ಟಿಕೊಡಲು ಇದಕ್ಕಿಂತ ಒಳ್ಳೆಯ ಜಿನಸಿಲ್ಲ.

ಸಂಜೆ ಎಳ್ಳು ಬೀರುವ ಹೊತ್ತು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಅನ್ನುವ ಮಾತಿನಲ್ಲಿ ದೇವರ ಹೆಸರೇ ಇಲ್ಲ, ಯಾವ ವಿಚಾರವಾದಿಯೂ ಧೈರ್ಯವಾಗಿ ಹೇಳಬಹುದು. ತೊಡಕಿರುವುದು ಬಾಗಿನದಲ್ಲಿ. ಕಬ್ಬು, ಗಜ್ಜರಿ, ಬಾರಿಹಣ್ಣು, ಹಸಿ ಕಡ್ಲಿ ತುಂಬಿದ ಬಾಗಿನ ಮುತ್ತೈದೆಯರಿಗೆ ಮಾತ್ರ; ಗಂಡನನ್ನು ಕಳೆದುಕೊಂಡ ಅತ್ತಿಯೋ ಕಾಕುವೋ ಅದೇ ಮನೆಯಲ್ಲಿ ಪಡಸಾಲೆ ದಾಟಿ ಈಚೆ ಬರುವುದಿಲ್ಲ. ದೀಪ ಹಚ್ಚುವುದನ್ನು ಬಿಟ್ಟವರು ಈ ಪಂಕ್ತಿಭೇದವನ್ನು ಮಾತ್ರ ಹಾಗೇ ಉಳಿಸಿಕೊಂಡದ್ದೂ ಉಂಟು. ಹತ್ತು ನಿಮಿಷ ಬಿಡುವುದಕ್ಕಿಂತ ಇದನ್ನು ಬಿಡುವುದು ದೊಡ್ಡ ಕೆಲಸ. ಸದ್ದು ಮಾಡದೆ ಮಾಡಬೇಕೆಂದರೆ, ಮೊದಲ ಬಾಗಿನ ಆ ಅತ್ತಿಯ ಕೈಗೇ ಕೊಟ್ಟು, "ಎಲ್ಲಾರಿಗೂ ನೀವಽ ಹಂಚ್ರಿ" ಅಂದುಬಿಟ್ಟರಾಯಿತು.

ಕೂಸುಗಳಿಗೆ ಕರಿ ಎರೆಯುವ, ಅಂದರೆ ತಲೆಯ ಮೇಲೆ ಚುರುಮುರಿ, ಹಣ್ಣು ಸುರಿಯುವ ಸಂಭ್ರಮವೂ ಇರಲಿ, ಅದರಲ್ಲಿ ದೃಷ್ಟಿ ತೆಗೆಯುವುದಕ್ಕಿಂತ ಗದ್ದಲವೇ ಹೆಚ್ಚು. ಚುರುಮುರಿ ಧಾರಾಳವಾಗಿ ಸುರಿಯಿರಿ. ಬಾರಿಹಣ್ಣು, ಶೇಂಗಾ, ನಾಣ್ಯ ಮಾತ್ರ ಸಣ್ಣ ಕೂಸಿನ ಗಂಟಲಿಗೆ ಅಪಾಯ. ಸುರಿದ ಮರುಕ್ಷಣ ಆಯಲು ಹತ್ತು ದೊಡ್ಡ ಹುಡುಗರು ಇದ್ದೇ ಇರುತ್ತಾರಾದರೂ ಹನ್ನೊಂದನೆಯ ಕೈ ಆ ಕೂಸಿನದು.

ಮಧ್ಯಾಹ್ನದ ಬುತ್ತಿಗೆ ಹೊಳೆ ಬೇಕು. ಹಾವೇರಿ ಕಡೆಯವರಿಗೆ ವರದಾ ಬಂದು ತುಂಗಭದ್ರೆಗೆ ಕೂಡುವ ಗಳಗನಾಥ ಇದೆ. ಪುಣ್ಯಸ್ನಾನಕ್ಕೆ ಬಂದವರು ನೀರಿನ ಕಡೆ ನಡೆದರೆ, ನಂಬಿಕೆ ಇಲ್ಲದವರು ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯ ಸುತ್ತ ನಿಂತು, ಮೆಟ್ಟಿಲುಮೆಟ್ಟಿಲಾಗಿ ಮೇಲೇರಿದ ಅದರ ಬುಡವನ್ನು ನೋಡುತ್ತಾರೆ. ಗುಡಿಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಇವರೇ. ನೀರಿಗೆ ಇಳಿಯುವುದಾದರೆ ಊರವರು ಇಳಿಯುವ ಕಡೆಯೇ ಇಳಿಯಬೇಕು. ಉಸುಕು ಎತ್ತಿದ ಗುಂಡಿಗಳು ಮೊಣಕಾಲು ನೀರಿನ ಪಕ್ಕದಲ್ಲೇ ಇರುತ್ತವೆ, ಮೇಲಿನಿಂದ ಕಾಣುವುದಿಲ್ಲ. ಬುತ್ತಿ ಬಿಚ್ಚಿದ ಮೇಲೆ ಆಸ್ತಿಕ-ನಾಸ್ತಿಕ ಗೊತ್ತಾಗುವುದಿಲ್ಲ. ಎಣ್ಣೆಗಾಯಿ ಸೋರಿದ ಡಬ್ಬಿ ಯಾರದು ಅನ್ನುವುದೊಂದೇ ಆಗಿನ ಪ್ರಶ್ನೆ.

ಮರುದಿನ ಕರಿ. ಅವತ್ತು ಒಳ್ಳೆಯ ಕೆಲಸಕ್ಕೆ ಹೊರಡಬಾರದು ಎನ್ನುವವರು ಮನೆಯಲ್ಲೇ ಇರುವುದರಿಂದ, ಹೊರಡುವವರಿಗೆ ಬಸ್ಸಿನಲ್ಲಿ ಕಿಟಕಿಯ ಸೀಟಿನ ಆಸೆ ಇಟ್ಟುಕೊಳ್ಳಬಹುದು. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಲು ಇದೇ ದಿನ ಸರಿ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ದಂಡೆಯಿಂದ ದೂರ ನಿಲ್ಲಬೇಕು, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಬೇಡ, ದುರ್ಬೀನು ಇದ್ದರೆ ತರಬೇಕು. ಅವುಗಳಿಗೆ ಶೇಂಗಾ ಇಷ್ಟ ಅಂತ ಉಳಿದ ಹೋಳಿಗೆ ಒಗೆಯಲು ಹೋಗಬೇಡಿ. ಸುತ್ತಲಿನ ಹೊಲದಲ್ಲಿ ಕಿತ್ತು ಉಳಿದ ಶೇಂಗಾ ಮೇಯುವ ಹಕ್ಕಿಗಳವು, ಬೆಲ್ಲದ ರೂಢಿ ಇಲ್ಲ.