ಇದ್ದೂ ಇಲ್ಲದ ಪ್ರಿಂಟರ್

ವೈಫೈ ಪ್ರಿಂಟರ್ ಎರಡು ಮಾರು ದೂರದಲ್ಲೇ ಕೂತಿದೆ. ದೀಪ ಉರಿಯುತ್ತಿದೆ, ಟ್ರೇಯಲ್ಲಿ ಹಾಳೆ ಇದೆ, ಇಂಕೂ ಇದೆ. ಕಂಪ್ಯೂಟರ್ ಮಾತ್ರ ‘ಆಫ್‌ಲೈನ್’ ಎಂದು ತೋರಿಸುತ್ತದೆ, ಒಳಗಿರುವವರನ್ನು ಊರಲ್ಲಿಲ್ಲ ಎಂದು ಹೇಳಿ ಕಳಿಸಿದ ಹಾಗೆ. ತುರ್ತಿದ್ದಾಗಲೇ ಅದು ಹೀಗೆ ಕೈಕೊಡುತ್ತದೆ ಎಂಬ ದೂರು ಎಲ್ಲರದೂ. ಅವಸರವಿಲ್ಲದ ದಿನ ಪ್ರಿಂಟ್ ಕೊಡುವವರಾದರೂ ಯಾರು?

ಆಫ್ ಮಾಡಿ ಆನ್ ಮಾಡುವ ಮದ್ದು ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ನಾಟುತ್ತದೆ ಕೂಡ, ಹಾಗಾಗಿಯೇ ಮೂಲ ರೋಗವನ್ನು ಯಾರೂ ಹುಡುಕುವುದಿಲ್ಲ. ಅದಕ್ಕೂ ಒಂದು ಸರದಿ ಇದೆ. ಮೊದಲು ವೈಫೈ ಹಂಚುವ ರೌಟರಿನ ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಬೇಕು. ಎರಡು ನಿಮಿಷ ಕಳೆದ ಮೇಲೆ ಪ್ರಿಂಟರ್, ಕೊನೆಗೆ ಕಂಪ್ಯೂಟರ್. ಮೂರನ್ನೂ ಒಟ್ಟಿಗೆ ಎಬ್ಬಿಸಿದರೆ ನೆಟ್‌ವರ್ಕಿನಲ್ಲಿ ಗುರುತು ಹಿಡಿಯುವ ಅಂಕಿಯ ವಿಳಾಸ ಕೊಡಬೇಕಾದ ರೌಟರ್ ಕಣ್ಣು ಬಿಡುವ ಮೊದಲೇ ಪ್ರಿಂಟರ್ ಕೈಚಾಚಿ ನಿಂತಿರುತ್ತದೆ. ಕೇಳಿ ಕೇಳಿ ಸಾಕಾಗಿ 169.254ರಿಂದ ಶುರುವಾಗುವ ವಿಳಾಸವೊಂದನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತದೆ. ಆ ಅಂಕಿ ಕಂಡರೆ ರೌಟರಿನಿಂದ ಅದಕ್ಕೆ ಏನೂ ಸಿಕ್ಕಿಲ್ಲವೆಂದೇ ಅರ್ಥ.

ಹೆಚ್ಚಿನ ರಗಳೆಯೆಲ್ಲ ಈ ವಿಳಾಸದ್ದೇ. ರೌಟರ್ ಐಪಿ ಎನ್ನುವ ಈ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ, ಬಹಳ ಕಡೆ 24 ಗಂಟೆಯ ಲೆಕ್ಕದಲ್ಲಿ. ಪ್ರಿಂಟರ್ ಎರಡು ದಿನ ಆಫ್ ಆಗಿತ್ತೆನ್ನಿ, ಅದರ 192.168.1.5ರಲ್ಲಿ ಆಗಲೇ ಯಾವುದೋ ಫೋನ್ ಬಿಡಾರ ಹೂಡಿರುತ್ತದೆ. ಎದ್ದ ಪ್ರಿಂಟರಿಗೆ 192.168.1.9 ಸಿಗುತ್ತದೆ. ಕಂಪ್ಯೂಟರಿಗೆ ಇದನ್ನು ಹೇಳುವವರಿಲ್ಲ, ಅದು ಹಳೇ ಮನೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. ತಮಾಷೆಯೆಂದರೆ, ಹಳೇ ವಿಳಾಸಕ್ಕೆ ಪಿಂಗ್ ಮಾಡಿದರೆ, ಅಂದರೆ ಕಂಪ್ಯೂಟರಿನಿಂದ ಕೂಗಿ ನೋಡಿದರೆ, ಉತ್ತರವೂ ಬರಬಹುದು. ಓಗೊಟ್ಟಿದ್ದು ಆ ಫೋನು!

ಆದ್ದರಿಂದ ಪಿಂಗ್‌ಗೂ ಮೊದಲು ಪ್ರಿಂಟರಿನ ಮೆನುವಿನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆಯೊಂದನ್ನು ಮುದ್ರಿಸಿಕೊಳ್ಳಬೇಕು. ಅದರಲ್ಲಿರುವ ಐಪಿಯನ್ನು ವಿಂಡೋಸ್‌ನ ಪ್ರಿಂಟರ್ ಪ್ರಾಪರ್ಟೀಸ್‌ನ ‘ಪೋರ್ಟ್ಸ್’ (ಕಂಪ್ಯೂಟರ್ ಪ್ರಿಂಟರನ್ನು ತಲುಪುವ ದಾರಿಗಳು) ಪಟ್ಟಿಯಲ್ಲಿರುವ ಐಪಿಯ ಪಕ್ಕ ಇಟ್ಟು ನೋಡಿ. ಎರಡೂ ಬೇರೆಯಾದರೆ ಕಳ್ಳ ಸಿಕ್ಕ ಹಾಗೆ. ಒಂದೇ ಆಗಿದ್ದು ಪಿಂಗ್‌ಗೆ ಉತ್ತರವೂ ಬಂದರೆ ತಪ್ಪು ಕಂಪ್ಯೂಟರಿನ ಕಡೆಯದು.

ಖಾಯಂ ಪರಿಹಾರ ರೌಟರಿನ ಸೆಟ್ಟಿಂಗ್ಸ್‌ನಲ್ಲಿ, ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿದೆ. ‘ಅಡ್ರೆಸ್ ರಿಸರ್ವೇಶನ್’ ಎಂಬಲ್ಲಿ ಪ್ರಿಂಟರಿನ ಹುಟ್ಟುಗುರುತಾದ ಮ್ಯಾಕ್ ಅಡ್ರೆಸ್ಸಿನ 12 ಅಂಕಿ-ಅಕ್ಷರ ಬರೆದು ಒಂದು ಐಪಿಯನ್ನು ಅದಕ್ಕೇ ಮೀಸಲಿಡಬೇಕು. ಇಲ್ಲೊಂದು ಎಡವುವ ಕಲ್ಲಿದೆ. ಕೇಬಲ್ ಕಿಂಡಿಯೂ ಇರುವ ಪ್ರಿಂಟರಿಗೆ ಎರಡು ಮ್ಯಾಕ್ ಅಡ್ರೆಸ್ ಇರುತ್ತವೆ, ಹಿಂಬದಿಯ ಚೀಟಿಯಲ್ಲಿ ಕೇಬಲ್ಲಿನದು ಮಾತ್ರ ಇರಬಹುದು. ಅದನ್ನು ಬರೆದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಮುದ್ರಿಸಿದ ಹಾಳೆಯಲ್ಲಿ ‘ವೈರ್‌ಲೆಸ್’ ಭಾಗದಲ್ಲಿರುವುದನ್ನೇ ಬರೆಯಿರಿ. ಆಮೇಲೆ ವಿಂಡೋಸ್‌ನಲ್ಲಿ ತಾನಾಗಿ ಬಂದ ‘ಡಬ್ಲ್ಯೂಎಸ್‌ಡಿ’ ಪೋರ್ಟ್ ಬಿಟ್ಟು, ಆ ಐಪಿ ಕೊಟ್ಟು ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟ್ ಮಾಡಿಕೊಳ್ಳಬೇಕು. ಡಬ್ಲ್ಯೂಎಸ್‌ಡಿ ಪ್ರಿಂಟರನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಅದರ ಹೆಗ್ಗಳಿಕೆ. ನಿದ್ದೆಗೆ ಜಾರಿದ ಪ್ರಿಂಟರ್ ಮುಂದೆ ಅದು ಹಲವು ಸಲ ಸೋಲುತ್ತದೆ. ಹೊಸ ಪೋರ್ಟಿನ ‘ಕಾನ್ಫಿಗರ್’ ಒತ್ತಿದರೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಟಿಕ್ ಕಾಣುತ್ತದೆ. ವಿಂಡೋಸ್ ಆಗಾಗ ‘ಇದ್ದೀಯಾ?’ ಎಂದು ವಿಚಾರಿಸುವುದು ಈ ದಾರಿಯಲ್ಲಿ. ಮುದ್ರಿಸಲು ಸಿದ್ಧವಿರುವ ಪ್ರಿಂಟರ್ ಕೂಡ ಇದಕ್ಕೆ ಉತ್ತರಿಸದೆ ಆಫ್‌ಲೈನ್ ಎನಿಸಿಕೊಳ್ಳುವುದುಂಟು. ಟಿಕ್ ತೆಗೆದುಬಿಡಿ.

ಪಿಂಗ್‌ಗೆ ಉತ್ತರವೇ ಬರದಿದ್ದರೆ ವೈಫೈ ಕಡೆ ತಿರುಗಬೇಕು. ಮನೆಬಳಕೆಯ ಬಹಳಷ್ಟು ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ಒಂದೇ ಗೊತ್ತು. ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಚಿಂತೆಯಿಲ್ಲ, ರೌಟರ್ ಒಂದೇ ಆದರೆ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿದ ಪ್ರಿಂಟರ್ ಮಾತ್ರ ಸಾಮಾನ್ಯವಾಗಿ ಯಾರ ಕೈಗೂ ಸಿಗುವುದಿಲ್ಲ. ರೌಟರಿನಲ್ಲಿ ಬರೀ ಡಬ್ಲ್ಯೂಪಿಎ3 ಎಂಬ ಹೊಸ ವೈಫೈ ಬೀಗ ಇಟ್ಟರೆ ಹಳೆಯ ಪ್ರಿಂಟರ್ ಹೊಸ್ತಿಲನ್ನೇ ದಾಟದು. ಡಬ್ಲ್ಯೂಪಿಎ2 ಕೂಡ ಇರಲಿ. 2.4 ಗಿಗಾಹರ್ಟ್ಸ್‌ನ ಚಾನೆಲ್ಲನ್ನು ‘ಆಟೋ’ ಬಿಡುವ ಬದಲು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ, ಅಗಲ 20 ಮೆಗಾಹರ್ಟ್ಸ್ ಇಡಿ. ರೌಟರಿಗೆ ಒತ್ತಿಕೊಂಡಿರುವ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ ಈ ಅಲೆಗೆ ಅಡ್ಡಗಾಲು ಹಾಕುತ್ತದೆ, ಒಂದು ಗೇಣು ಆಚೆ ಸರಿಸಿ.

ಇಷ್ಟರಲ್ಲಿ ಪ್ರಿಂಟಿಗೆ ಕಾದಿರುವ ಕೆಲಸಗಳ ಕ್ಯೂ ಮರೆತೇಹೋಗಿರುತ್ತದೆ. ಪ್ರಿಂಟ್ ಬರಲಿಲ್ಲವೆಂದು ಸಿಟ್ಟಿನಲ್ಲಿ ಒತ್ತಿದ ಪ್ರತಿ ಒತ್ತೂ ಅಲ್ಲಿ ಜಮೆಯಾಗಿದೆ. ರಿಪೇರಿಗೆ ಕೈ ಹಾಕುವ ಮೊದಲೇ ಅದನ್ನು ಖಾಲಿ ಮಾಡಬೇಕಿತ್ತು. ಅಳಿಸಿದರೂ ಅಳಿಯದಿದ್ದರೆ ಕ್ಯೂ ನಡೆಸುವ ‘ಪ್ರಿಂಟ್ ಸ್ಪೂಲರ್’ ಸರ್ವಿಸ್ ನಿಲ್ಲಿಸಿ, ಸಿಸ್ಟಮ್32ರ ಸ್ಪೂಲ್ ಫೋಲ್ಡರಿನೊಳಗಿನ ‘ಪ್ರಿಂಟರ್ಸ್’ ಬರಿದು ಮಾಡಿ, ಮತ್ತೆ ಶುರು ಮಾಡುವುದು. ಹಾಗೆ ಮಾಡದವರ ಪ್ರಿಂಟರ್ ವಿಳಾಸ ಸಿಕ್ಕ ಕ್ಷಣಕ್ಕೆ ಗುರ್ರೆಂದು ಎದ್ದು, ಒಂದೇ ಅರ್ಜಿಯ ಒಂಬತ್ತನೇ ಪ್ರತಿಯನ್ನೂ ನಿಷ್ಠೆಯಿಂದ ಹೊರಗೆ ತಳ್ಳುತ್ತಿರುತ್ತದೆ.