ಮೇ ತಿಂಗಳಲ್ಲಿ ಕೋಳಿ, ಅಕ್ಟೋಬರ್‌ನಲ್ಲಿ ಕಾಡುಹಕ್ಕಿ

ಬ್ರಿಟನ್ನಿನಲ್ಲಿ ದುಡ್ಡಿದ್ದವರು ಬೇಟೆಗೆ ಹೋಗುವ ಮುಂಚೆ ಬುಕಿಂಗ್ ಮಾಡುತ್ತಾರೆ. ನವೆಂಬರ್‌ನಲ್ಲಿ ಒಂದು ಶನಿವಾರ, ಎಂಟು ಜನ, 250 ಹಕ್ಕಿ. ಮದುವೆಗೆ ಎಷ್ಟು ಎಲೆ ಬೀಳುತ್ತದೆ ಅಂತ ಅಡುಗೆ ಭಟ್ಟರಿಗೆ ಮೊದಲೇ ಹೇಳುತ್ತೇವಲ್ಲ, ಹಾಗೆ. ಹಕ್ಕಿಯೊಂದಕ್ಕೆ 40ರಿಂದ 50 ಪೌಂಡ್. ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ ಆಸುಪಾಸು. 250 ಅಂತ ಹೇಳಿ 280 ಹೊಡೆದರೆ ಮಿಕ್ಕ 30ಕ್ಕೆ ಬೇರೆ ಬಿಲ್ ಬರಬಹುದು. ಇದನ್ನು ಅವರು ಕ್ರೀಡೆ ಅನ್ನುತ್ತಾರೆ. ಯಾರು ಗೆಲ್ಲುತ್ತಾರೆ, ಎಷ್ಟು ಅಂತರದಲ್ಲಿ ಗೆಲ್ಲುತ್ತಾರೆ ಅನ್ನುವುದು ತಿಂಗಳುಗಟ್ಟಲೆ ಮುಂಚೆಯೇ ರಸೀದಿಯಲ್ಲಿ ಬರೆದಿರುತ್ತದೆ. ಕ್ರಿಕೆಟ್‌ನಲ್ಲಿ ಇದನ್ನೇ ಮಾಡಿದರೆ ಜೈಲು.

ಹಕ್ಕಿಯ ಹೆಸರು ಫೆಸೆಂಟ್. ಕೋಳಿ, ನವಿಲುಗಳ ನೆಂಟ. ಹುಂಜಕ್ಕೆ ತಾಮ್ರದ ಬಣ್ಣದ ಮೈ, ಹಸಿರು ಕತ್ತು, ಕೆಂಪು ಮುಖ, ಮೊಳದುದ್ದ ಬಾಲ. ಮೂಲ ಊರು ಏಷ್ಯಾ. ಎಷ್ಟೋ ಶತಮಾನದ ಹಿಂದೆ ಯಾರೋ ತಂದು ಬಿಟ್ಟರು. ಈಗ ವರ್ಷಕ್ಕೆ ಮೂರು ಕೋಟಿಗೂ ಜಾಸ್ತಿ ಮರಿಗಳನ್ನು ಸಾಕಿ ಬಿಡುತ್ತಾರೆ. ಮೊಟ್ಟೆ, ಮರಿಗಳಲ್ಲಿ ಬಹಳಷ್ಟು ಬರುವುದು ಫ್ರಾನ್ಸಿನಿಂದ. 2022ರಲ್ಲಿ ಅಲ್ಲಿ ಹಕ್ಕಿಜ್ವರ ಬಂದು ಸರಬರಾಜು ಕೈಕೊಟ್ಟಿತು. ಎಷ್ಟೋ ಎಸ್ಟೇಟುಗಳು ಆ ವರ್ಷದ ಅಪ್ಪಟ ಬ್ರಿಟಿಷ್ ಸಂಪ್ರದಾಯವನ್ನು ರದ್ದು ಮಾಡಬೇಕಾಯಿತು. ಯುರೋಪಿನ ಹಂಗು ಬೇಡ ಅಂತ ಓಟು ಹಾಕಿ ಹೊರಬಂದ ದೇಶ ನೋಡಿ.

ಈ ಹಕ್ಕಿಯ ಕಾನೂನು ಜಾತಕ ಇನ್ನೂ ಚೆನ್ನಾಗಿದೆ. ಮೇ ತಿಂಗಳಲ್ಲಿ ಮೊಟ್ಟೆಯೊಡೆದು ಬಂದಾಗ ಅದು ಶೆಡ್ಡಿನಲ್ಲಿ ಹೀಟರ್ ಕೆಳಗೆ ಬೆಳೆಯುವ ಮರಿ. ಒಂದನ್ನೊಂದು ಕುಕ್ಕಬಾರದು ಅಂತ ಕೊಕ್ಕಿಗೆ ಪುಟ್ಟ ಪ್ಲಾಸ್ಟಿಕ್ ಬಳೆ ಸಿಕ್ಕಿಸುವುದೂ ಉಂಟು. ಆಗ ಅದು ಸಾಕುಪ್ರಾಣಿ, ಸಾಕಿದವನ ಸ್ವತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ತೋಪಿನೊಳಗಿನ ಬಲೆಬೇಲಿಗೆ ಸಾಗಿಸುತ್ತಾರೆ. ಎಸ್ಟೇಟಿನ ಕಾವಲುಗಾರ ಸೀಟಿ ಊದಿದರೆ ಗೋಧಿ ತಿನ್ನಲು ಓಡಿ ಬರುತ್ತವೆ. ಬೇಲಿ ದಾಟಿ ಹಾರಿತೋ, ಆ ಕ್ಷಣದಿಂದ ಅದು ವನ್ಯಜೀವಿ. ಯಾರ ಸ್ವತ್ತೂ ಅಲ್ಲ. ರಸ್ತೆಗೆ ಬಂದು ಯಾರದೋ ಕಾರಿನ ಗಾಜು ಒಡೆದರೆ, "ಕಾಡಿನ ಹಕ್ಕಿ ಸ್ವಾಮಿ, ನಮಗೇನು ಗೊತ್ತು?" ಸೀಸನ್ ಮುಗಿಯುವಾಗ ಬದುಕುಳಿದ ಹೆಣ್ಣುಗಳನ್ನು ಹಿಡಿದು ಮೊಟ್ಟೆಗೆ ಕೂಡಿಹಾಕಿದರೆ ಮತ್ತೆ ಸಾಕುಪ್ರಾಣಿ. ಒಂದೇ ವರ್ಷದಲ್ಲಿ ಇಷ್ಟು ಸಲ ಪಕ್ಷಾಂತರ ಮಾಡುವುದು ನಮ್ಮ ಶಾಸಕರಿಗೂ ಕಷ್ಟ. ಅವರಿಗಾದರೂ ಅಂಥ ಹೊತ್ತಲ್ಲಿ ರೆಸಾರ್ಟ್ ಇರುತ್ತದೆ.

ಈ ನಡುವೆ ಕಾವಲುಗಾರ ಸುಮ್ನೆ ಕೂತಿರುವುದಿಲ್ಲ. ನರಿ, ಕಾಗೆ, ಮುಂಗುಸಿಯಂಥ ಸ್ಟೋಟ್ ಎಲ್ಲವನ್ನೂ ಕೊಲ್ಲುತ್ತಾನೆ. ಯಾಕೆ? ಅವು ಫೆಸೆಂಟ್ ಕೊಲ್ಲುತ್ತವಂತೆ. ಎಂಥ ಅನ್ಯಾಯ ಅಲ್ವಾ, ಬುಕಿಂಗ್ ಕೂಡ ಮಾಡದೆ!

ಬೇಟೆಯ ದಿನವನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ದೊಡ್ಡಮನೆಯ ಮುಂದೆ ಎಂಟು ಜನ ಸೇರುತ್ತಾರೆ. ಟ್ವೀಡ್ ಅನ್ನುವ ದಪ್ಪ ಉಣ್ಣೆಬಟ್ಟೆಯ ಕೋಟು, ಟ್ವೀಡ್ ವೇಸ್ಟ್‌ಕೋಟು, ಮಂಡಿಯ ಕೆಳಗೆ ಮುಗಿಯುವ ಟ್ವೀಡ್ ಚಡ್ಡಿ, ಉದ್ದ ಕಾಲುಚೀಲ, ಅದು ಜಾರದಂತೆ ಬಣ್ಣದ ಗೊಂಡೆಯ ಪಟ್ಟಿ. ಕೊರಳಲ್ಲಿ ಟೈ. ಟೈ ಯಾಕೆ ಅಂದರೆ, ಹಕ್ಕಿಗೆ ಗೌರವ ಕೊಡಲಿಕ್ಕೆ ಅನ್ನುತ್ತಾರೆ. ಯಾರು ಎಷ್ಟನೇ ಗೂಟದ ಹತ್ತಿರ ನಿಲ್ಲಬೇಕು ಅಂತ ಚೀಟಿ ಎತ್ತುತ್ತಾರೆ. ಜೀಪು ಗೂಟದ ಬಳಿಗೇ ತಂದು ಇಳಿಸುತ್ತದೆ. ಅವರ ಕಾಡಲೆತ ಅಲ್ಲಿಗೆ ಮುಗಿಯಿತು.

ಇನ್ನು ಕೆಲಸ ಇರುವುದು ಊರಿನವರಿಗೆ. ಮಲೆನಾಡಿನಲ್ಲಿ ಹಳು ನುಗ್ಗುವುದು ಅನ್ನುತ್ತಾರಲ್ಲ, ಅದೇ. ದಿನಗೂಲಿಯ ಜನ ಸಾಲಾಗಿ ತೋಪಿಗೆ ನುಗ್ಗಿ, ಕೋಲಿನಿಂದ ಮರಕ್ಕೆ ಟಕ್ ಟಕ್ ಬಡಿಯುತ್ತಾ, ಗೊಬ್ಬರದ ಚೀಲ ಕತ್ತರಿಸಿ ಮಾಡಿದ ಬಾವುಟ ಬೀಸುತ್ತಾ ಬರುತ್ತಾರೆ. ಇಷ್ಟೆಲ್ಲ ರಂಪ ಯಾಕೆಂದರೆ ಫೆಸೆಂಟ್‌ಗೆ ಹಾರಲು ಮನಸ್ಸಿಲ್ಲ. ಹೆದರಿದರೆ ಮೊದಲು ಓಡುತ್ತದೆ. ಓಡುವ ಹಕ್ಕಿಗೆ ಗುಂಡು ಹೊಡೆಯುವುದು ಸಭ್ಯರ ಲಕ್ಷಣವಲ್ಲ. ಹಾಗಾಗಿ ಅದನ್ನು ಬೆದರಿಸಿ, ಎಬ್ಬಿಸಿ, ಸಾಕಷ್ಟು ಎತ್ತರಕ್ಕೆ ಕಳಿಸಿ, ಆಮೇಲೆ ಸಭ್ಯವಾಗಿ ಹೊಡೆಯಬೇಕು. ತಗ್ಗಿನಲ್ಲಿ ಹಾರಿದ್ದಕ್ಕೆ ಹೊಡೆದರೆ ಪಕ್ಕದ ಗೂಟದವರು ಮುಖ ಸಿಂಡರಿಸುತ್ತಾರೆ. ಕೆಲವು ಕಡೆ ಬಿಳಿ ಫೆಸೆಂಟ್ ಹೊಡೆದರೆ ದಂಡ. ಕಂದು ಬಣ್ಣದ್ದು ಬಿದ್ದರೆ ಶಹಬ್ಬಾಸ್, ಬಿಳಿಯದು ಬಿದ್ದರೆ ದಂಡ. ಬ್ರಿಟಿಷರ ಈ ಪದ್ಧತಿ ನಮಗೆ ಹೊಸದೇನಲ್ಲ ಬಿಡಿ.

ಖರ್ಚಿನ ವಿಷಯದಲ್ಲಿ ಮಾತ್ರ ಅವರು ಪ್ರಾಮಾಣಿಕರು. ಹಳೇ ಕಾಲದ ಅವರದೇ ಗಾದೆ ಇದೆ: ಒಂದು ಗಿನಿ ಮೇಲೇಳುತ್ತದೆ, ಒಂದೂವರೆ ಪೆನ್ನಿ ಢಂ ಅನ್ನುತ್ತದೆ, ಅರ್ಧ ಕ್ರೌನ್ ಕೆಳಗೆ ಬೀಳುತ್ತದೆ. ಗಿನಿ ಅಂದರೆ 252 ಪೆನ್ನಿ, ಅರ್ಧ ಕ್ರೌನ್ ಅಂದರೆ 30. ಅಂದರೆ 252 ಪೆನ್ನಿ ಹಾಕಿ ಸಾಕಿದ ಹಕ್ಕಿ ಸತ್ತ ಮೇಲೆ 30 ಪೆನ್ನಿಗೆ ಮಾರಾಟ. ಈಗಿನ ಲೆಕ್ಕ ಇನ್ನೂ ಕೆಟ್ಟಿದೆ. ನಲವತ್ತು ಪೌಂಡ್ ಕೊಟ್ಟು ಹೊಡೆದ ಹಕ್ಕಿಗೆ ಮಾಂಸದ ವ್ಯಾಪಾರಿ ಒಂದು ಪೌಂಡ್ ಕೊಡಲೂ ಹಿಂದೆಮುಂದೆ ನೋಡುತ್ತಾನೆ.

ರಾಜರು ಶುರು ಮಾಡಿದ ಚಟ ಅಷ್ಟು ಬೇಗ ಬಿಡುವುದಿಲ್ಲ. ಏಳನೇ ಎಡ್ವರ್ಡ್‌ಗೆ ಚಳಿಗಾಲದ ಹಗಲು ಸಾಲುತ್ತಿರಲಿಲ್ಲ. ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿನ ಗಡಿಯಾರಗಳನ್ನೆಲ್ಲ ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಟ್ಟರು. ದೇಶಕ್ಕೊಂದು ಸಮಯ, ಅರಸರ ತೋಟಕ್ಕೊಂದು ಸಮಯ. 1936ರವರೆಗೂ ಅದು ಹಾಗೇ ನಡೆಯಿತು. ಮಗ ಐದನೇ ಜಾರ್ಜ್ 1911ರಲ್ಲಿ ದಿಲ್ಲಿ ದರ್ಬಾರಿಗೆ ಬಂದವರು ನೇಪಾಳಕ್ಕೆ ಹೋಗಿ ಹುಲಿ, ಘೇಂಡಾಮೃಗ ಹೊಡೆದು ಬಂದರು. ಊರಿಗೆ ಮರಳಿ 1913ರ ಡಿಸೆಂಬರ್ 18ರಂದು ಬಕಿಂಗ್‌ಹ್ಯಾಮ್‌ಶೈರ್‌ನ ಹಾಲ್ ಬಾರ್ನ್‌ನಲ್ಲಿ ಗೆಳೆಯರ ಜೊತೆ ಸೇರಿ ಒಂದೇ ದಿನ 3,937 ಫೆಸೆಂಟ್ ಉರುಳಿಸಿದರು. ಅದರಲ್ಲಿ ಸಾವಿರಕ್ಕೂ ಜಾಸ್ತಿ ಅವರೊಬ್ಬರದೇ. ಇವತ್ತು ಸ್ವಲ್ಪ ಅತಿಯಾಯಿತೇನೋ ಅಂತ ಮನೆಗೆ ಹೋಗುವಾಗ ಮಗನ ಹತ್ತಿರ ಅಂದರಂತೆ. ಮೂರು ಸಾವಿರ ಆದಾಗ ಹಾಗನ್ನಿಸಿರಲಿಲ್ಲ ಅನ್ನುವುದು ಗಮನಿಸಬೇಕಾದ್ದು.

ಲಾರ್ಡ್ ರಿಪ್ಪನ್ ಹೆಸರು ನಮ್ಮ ಶಾಲೆ ಪುಸ್ತಕದಲ್ಲಿತ್ತಲ್ಲ? ಸ್ಥಳೀಯ ಸ್ವಯಮಾಡಳಿತದ ಪಿತಾಮಹ ಅಂತ ಬರೆದರೆ ಒಂದು ಮಾರ್ಕು. ಅವರ ಮಗ, ಎರಡನೇ ರಿಪ್ಪನ್, ಜೀವಮಾನದಲ್ಲಿ ಹೊಡೆದ ಪ್ರಾಣಿಪಕ್ಷಿಗಳ ಲೆಕ್ಕ ಐದೂವರೆ ಲಕ್ಷ ದಾಟುತ್ತದೆ. 1923ರಲ್ಲಿ ಬೇಟೆಯ ಬಯಲಿನಲ್ಲೇ ಕುಸಿದು ತೀರಿಕೊಂಡರು. ಅಪ್ಪ ಪುರಸಭೆಗೆ ಅಧಿಕಾರ ಕೊಟ್ಟರು, ಮಗ ಹಕ್ಕಿಗೆ ಮೋಕ್ಷ ಕೊಟ್ಟರು.

ಇದನ್ನೆಲ್ಲ ಪ್ರಶ್ನಿಸಿದರೆ ಉತ್ತರ ಸಿದ್ಧವಿದೆ. ಇದರಿಂದ ಹಳ್ಳಿಯವರಿಗೆ ಕೆಲಸ, ತೋಪು ಬೇಲಿಗಳಿಗೆ ಉಳಿವು. ಸುಳ್ಳಲ್ಲ. ಫೆಸೆಂಟ್‌ಗೆ ಆಸರೆ ಬೇಕು ಅಂತಲೇ ಎಷ್ಟೋ ತೋಪುಗಳು ಕೊಡಲಿಗೆ ಬೀಳದೆ ಉಳಿದಿವೆ. ಆದರೆ ಮರ ಉಳಿಸಬೇಕಾದರೆ ಮರದ ಮೇಲಿನ ಹಕ್ಕಿಗೆ ಗುಂಡು ಹೊಡೆಯಲೇಬೇಕು ಅನ್ನುವ ಷರತ್ತು ಹಾಕಿದವರು ಯಾರೋ! ಆಗಸ್ಟ್‌ನಲ್ಲಿ ಬ್ರಿಟನ್ನಿನ ಹೊಲಕಾಡುಗಳ ಹಕ್ಕಿಗಳನ್ನೆಲ್ಲ ತಕ್ಕಡಿಗೆ ಹಾಕಿದರೆ ಸುಮಾರು ಅರ್ಧ ತೂಕ ಹೀಗೆ ಬೇಟೆಗೆಂದು ಬಿಟ್ಟ ಫೆಸೆಂಟ್ ಮತ್ತು ಪಾರ್ಟ್ರಿಜ್‌ಗಳದೇ (ನಮ್ಮ ಕೌಜುಗದಂಥ ಹಕ್ಕಿ) ಅಂತ ವಿಜ್ಞಾನಿಗಳ ಅಂದಾಜು. ಅಷ್ಟು ಬಾಯಿಗಳು ಹುಳು, ಬೀಜ, ಚಿಗುರು ತಿನ್ನುತ್ತವೆ. ಅದನ್ನೂ ಪ್ರಕೃತಿ ಸಂರಕ್ಷಣೆ ಅಂತಲೇ ಬರೆದುಕೊಳ್ಳಬೇಕು.

ಸರ್ಕಾರದ ಪ್ರೀತಿಯೂ ಕಮ್ಮಿಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾಕ್ಕೆ ಹೆದರಿ ಇಂಗ್ಲೆಂಡಿನಲ್ಲಿ ಆರಕ್ಕಿಂತ ಜಾಸ್ತಿ ಜನ ಒಟ್ಟಿಗೆ ಸೇರಬಾರದು ಅಂತ ನಿಯಮ ಬಂತು. ಏಳನೇ ಮೊಮ್ಮಗು ಅಜ್ಜಿ ಮನೆಗೆ ಬರುವಂತಿಲ್ಲ. ಹಕ್ಕಿ ಬೇಟೆಯ ಗುಂಪಿಗೆ ಮಾತ್ರ ವಿನಾಯಿತಿ, ಅದು ವ್ಯವಸ್ಥಿತ ಹೊರಾಂಗಣ ಕ್ರೀಡೆ! ಅಜ್ಜಿಯೂ ಒಂದು ಬಂದೂಕು ತಂದಿಟ್ಟುಕೊಂಡಿದ್ದರೆ ಹಬ್ಬ ನಡೆದುಹೋಗುತ್ತಿತ್ತು.

ಸಂಜೆ ಎಲ್ಲ ಮುಗಿದ ಮೇಲೆ ಹಣ ಕೊಟ್ಟ ಪ್ರತಿಯೊಬ್ಬನಿಗೂ ಕತ್ತಿಗೆ ದಾರ ಕಟ್ಟಿದ ಒಂದು ಜೋಡಿ ಫೆಸೆಂಟ್ ಕೊಟ್ಟು ಕಳಿಸುತ್ತಾರೆ. ಮನೆಗೆ ಒಯ್ದರೆ ಹೆಂಡತಿ ಬಾಗಿಲಲ್ಲೇ ತಡೆದಾಳು. ಗರಿ ಕೀಳುವವರಾರು? ಮೇಲಾಗಿ ಒಳಗೆ ಸೀಸದ ಗುಂಡಿನ ಚೂರು. ಪುಟ್ಟ ಮಕ್ಕಳು, ಬಸುರಿಯರು ಇಂಥ ಮಾಂಸ ಆದಷ್ಟು ಕಡಿಮೆ ತಿನ್ನಲಿ ಅಂತ ಅಲ್ಲಿನ ಆಹಾರ ಇಲಾಖೆಯೇ ಹೇಳುತ್ತದೆ. ಬೇಟೆ ಸಂಘಗಳಿಗೂ ಇದು ಗೊತ್ತು. ಒಂಬತ್ತು ಸಂಘಗಳು 2020ರಲ್ಲಿ ಒಟ್ಟಾಗಿ ಮಾತು ಕೊಟ್ಟವು: ಕಾನೂನು ಬೇಡ, ಐದು ವರ್ಷದಲ್ಲಿ ನಾವೇ ಸ್ವಂತ ಇಚ್ಛೆಯಿಂದ ಸೀಸ ಬಿಡುತ್ತೇವೆ. ಐದು ವರ್ಷವಾದ ಮೇಲೆ ಕೇಂಬ್ರಿಜ್‌ನ ವಿಜ್ಞಾನಿಗಳು ಅಂಗಡಿಯಿಂದ ಫೆಸೆಂಟ್ ತರಿಸಿ, ಒಳಗೆ ಸಿಕ್ಕ ಗುಂಡುಗಳನ್ನು ಪರೀಕ್ಷಿಸಿದರು. ನೂರಕ್ಕೆ 99 ಹಕ್ಕಿ ಸೀಸದಿಂದಲೇ ಸತ್ತಿದ್ದವು. ಉಳಿದ ಆ ಒಂದನ್ನು ಹೊಡೆದ ಮಹಾನುಭಾವ ಯಾರೋ, ಮುಂದಿನ ಸೀಸನ್‌ಗೆ ಅವನನ್ನು ಯಾರೂ ಕರೆಯಲಿಕ್ಕಿಲ್ಲ.