ಸ್ಪಷ್ಟನೆ: ಹುಲ್ಲು ಕತ್ತರಿಸುವ ಯಂತ್ರ ನಡುವೆ ನಿಂತರೆ ಕಾರ್ಬ್ಯುರೇಟರೇ ಕೆಟ್ಟಿದೆ ಎಂದರ್ಥವಲ್ಲ

ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೆಲಸದ ನಡುವೆ ನಿಂತರೆ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬದಲಿಸಲೇಬೇಕು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತು, ತುಸು ಹೊತ್ತಿನ ಬಳಿಕ ಮತ್ತೆ ಚಾಲೂ ಆಗುವುದಾದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಅದರ ಗಾಳಿರಂಧ್ರ ಧೂಳಿನಿಂದ ಕಟ್ಟಿಕೊಂಡರೆ, ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಇಂಧನದ ಹರಿವು ನಿಲ್ಲುತ್ತದೆ. ಎಂಜಿನ್ ನಿಂತೊಡನೆ ಮುಚ್ಚಳ ಸಡಿಲಿಸಿದಾಗ ಸುಯ್ಯೆಂದು ಗಾಳಿ ಒಳನುಗ್ಗಿದರೆ ದೋಷ ಅಲ್ಲೇ ಇದೆ; ರಂಧ್ರ ಸ್ವಚ್ಛಗೊಳಿಸಿ, ಆಗದಿದ್ದರೆ ಮುಚ್ಚಳವನ್ನಷ್ಟೇ ಬದಲಿಸಿ.

ಉಬ್ಬುತಗ್ಗಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಆಸನದ ಕೆಳಗಿನ ಸುರಕ್ಷತಾ ಸ್ವಿಚ್ಚಿನ ವೈರು ಸಡಿಲವಾಗಿರಬಹುದು. ಆ ಸ್ವಿಚ್ಚನ್ನು ತಪ್ಪಿಸಿ ವೈರುಗಳನ್ನು ನೇರವಾಗಿ ಜೋಡಿಸಿ ಎಂಬ ಸಲಹೆಯನ್ನಂತೂ ದಯವಿಟ್ಟು ಪಾಲಿಸಬೇಡಿ. ಸವಾರ ಆಸನದಿಂದ ಬಿದ್ದಾಗ ತಿರುಗುವ ಬ್ಲೇಡನ್ನು ನಿಲ್ಲಿಸುವುದು ಅದೇ ಸ್ವಿಚ್ಚು.